ಜೆಲ್, ಸ್ಪ್ರೇ, ವ್ಯಾಕ್ಸ್: ಕೂದಲು ಯಾಕೆ ನಿಲ್ಲುತ್ತದೆ, ಯಾಕೆ ಕೂರುತ್ತದೆ

ರಾತ್ರಿ ತಲೆಸ್ನಾನ ಮಾಡಿ, ಕೂದಲು ಅರೆಬರೆ ಒಣಗಿರುವಾಗಲೇ ಮಲಗಿದರೆ ಬೆಳಿಗ್ಗೆ ಒಂದು ಬದಿ ಹುಂಜದ ಜುಟ್ಟಿನ ಹಾಗೆ ಎದ್ದು ನಿಂತಿರುತ್ತದೆ. ಒಣ ಬಾಚಣಿಗೆಗೆ ಬಗ್ಗುವುದಿಲ್ಲ. ಅಂಗೈಯಲ್ಲಿ ಒಂದಿಷ್ಟು ನೀರು ತಗೊಂಡು ಬುಡಕ್ಕೆ ತಟ್ಟಿ ಬಾಚಿದರೆ ಮಾತ್ರ ಮಾತು ಕೇಳುತ್ತದೆ. ಜೆಲ್ಲೂ ಇಲ್ಲದೆ, ಸ್ಪ್ರೇಯೂ ಇಲ್ಲದೆ ಬರೀ ದಿಂಬು ಮಾಡಿದ ಹೇರ್ ಸೆಟ್ಟಿಂಗ್ ಇದು. ಕೂದಲಿಗೆ ಆಕಾರ ಕೊಡುವುದು ನೀರು ಮತ್ತು ಒಣಗುವಿಕೆ. ಡಬ್ಬಿಯಲ್ಲಿ ಬರುವ ಸಾಮಾನು ಆ ಆಕಾರಕ್ಕೆ ಕೂರಿಸಿದ ಕಾವಲುಗಾರ. ಇದೊಂದು ತಲೆಗೆ ಹೋದರೆ ಅಂಗಡಿಯಲ್ಲಿ ಯಾವ ಡಬ್ಬಿ ಎತ್ತಬೇಕು, ಯಾವಾಗ ಹಚ್ಚಬೇಕು ಎಂಬ ಗೊಂದಲ ಮುಕ್ಕಾಲು ಪಾಲು ತೀರುತ್ತದೆ.

ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನಿನ ಹುರಿ. ಹೊರಗಡೆ ಮಂಗಳೂರು ಹೆಂಚು ಹೊದಿಸಿದ ಮಾಡಿನ ಹಾಗೆ ಪೊರೆಗಳು ಒಂದರ ಮೇಲೊಂದು ಕೂತಿರುತ್ತವೆ. ಇಳಿಜಾರು ಬುಡದಿಂದ ತುದಿಯ ಕಡೆಗೆ. ಒಳಗಿನ ಎಳೆಗಳನ್ನು ಬಿಗಿದಿಟ್ಟ ಕಟ್ಟುಗಳಲ್ಲಿ ಗಟ್ಟಿಯಾದದ್ದು ಗಂಧಕದ ಕಟ್ಟು. ಅದನ್ನು ಬಿಚ್ಚಲು ಪಾರ್ಲರಿನ ಪರ್ಮಿಂಗ್, ಸ್ಟ್ರೇಟ್ನಿಂಗ್ ರಸಾಯನವೇ ಬೇಕು. ಜೆಲ್ಲು ಅದರ ತಂಟೆಗೆ ಹೋಗುವುದಿಲ್ಲ. ಇನ್ನೊಂದು ಹೈಡ್ರೋಜನ್ ಕಟ್ಟು. ಒಂದೊಂದೂ ಬಲು ದುರ್ಬಲ, ಆದರೆ ಲೆಕ್ಕವಿಲ್ಲದಷ್ಟು ಇವೆ. ನೀರು ತಾಗಿದರೆ ಬಿಚ್ಚಿಕೊಳ್ಳುತ್ತವೆ, ನೀರು ಆರಿದಾಗ ಕೂದಲು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಚೆನ್ನಾಗಿ ನೆಂದ ಕೂದಲು ತನ್ನ ತೂಕದ ಸುಮಾರು ಶೇ. 30ರಷ್ಟು ನೀರು ಕುಡಿದಿರುತ್ತದೆ.

ನೀರೆಂದರೆ ನಲ್ಲಿಯ ನೀರೇ ಆಗಬೇಕಿಲ್ಲ, ಗಾಳಿಯ ತೇವವೂ ಸಾಕು. ಜುಲೈ ತಿಂಗಳ ಮಂಗಳೂರಲ್ಲಿ ಗಾಳಿಯ ಆರ್ದ್ರತೆ ಶೇ. 90ರ ಆಸುಪಾಸು ಇರುತ್ತದೆ. ಅಲ್ಲಿ ಬೆಳಿಗ್ಗೆ ಐರನ್ ಮಾಡಿ ನೇರ ಮಾಡಿಕೊಂಡ ಕೂದಲು ಬಸ್ ಸ್ಟಾಂಡ್ ಮುಟ್ಟುವ ಹೊತ್ತಿಗೆ ಹುಟ್ಟುಗುಣಕ್ಕೆ ಮರಳುವುದು ಇದೇ ಕಾರಣಕ್ಕೆ. ಅದೇ ಕೂದಲು, ಅದೇ ಐರನ್, ಡಿಸೆಂಬರಿನ ಕಲಬುರಗಿಯಲ್ಲಿ ಸಂಜೆವರೆಗೆ ಹಾಗೇ ಇರುತ್ತದೆ.

ಹಾಗಾದರೆ ಡಬ್ಬಿಯ ಕೆಲಸವೇನು? ಗಂಜಿ ಹಾಕಿದ ಹತ್ತಿ ಸೀರೆ ನೆನಪಿಸಿಕೊಳ್ಳಿ. ಅಕ್ಕಿ ಗಂಜಿಯ ಪಿಷ್ಟ ನೂಲಿನ ಸುತ್ತ ತೆಳು ಪದರವಾಗಿ ಒಣಗಿ, ನೂಲನ್ನು ನೂಲಿಗೆ ಅಂಟಿಸುತ್ತದೆ. ಸೀರೆ ನೆರಿಗೆ ಹಿಡಿಯುತ್ತದೆ. ಮಳೆಯಲ್ಲಿ ನೆಂದರೆ ಗಂಜಿ ಕರಗಿ ಸೀರೆ ಜೋತುಬೀಳುತ್ತದೆ. ಜೆಲ್, ಮೂಸ್ (ನೊರೆಯಾಗಿ ಬರುವುದು), ಸ್ಪ್ರೇ ಮೂರರಲ್ಲೂ ಇರುವುದು ಗಂಜಿಯ ಜಾತಿಯದೇ ಉದ್ದ ಸರಪಳಿಯ ಅಣು, ಅಂದರೆ ಪಾಲಿಮರ್, ಕಾರ್ಖಾನೆಯಲ್ಲಿ ಮಾಡಿದ್ದು. ಕರಗಿಸಿದ ದ್ರವ ಬೇರೆ, ಹಚ್ಚುವ ಬಗೆ ಬೇರೆ, ಅಷ್ಟೇ. ಜೆಲ್ ಹಚ್ಚಿದಾಗ ಅಕ್ಕಪಕ್ಕದ ಕೂದಲುಗಳು ಉದ್ದಕ್ಕೂ ಅಂಟಿಕೊಂಡು ಕಡ್ಡಿಯಂತಾಗುತ್ತವೆ. ಸ್ಪ್ರೇ ಹೊಡೆದಾಗ ಸಣ್ಣ ಹನಿಗಳು ಕೂದಲು ಕೂದಲನ್ನು ದಾಟುವ ಜಾಗಗಳಲ್ಲಿ ಕೂತು, ಬೆಸುಗೆಯ ಚುಕ್ಕೆಯ ಹಾಗೆ ಒಣಗುತ್ತವೆ. ಅದಕ್ಕೇ ಜೆಲ್ ಹಚ್ಚಿದ ತಲೆ ಒದ್ದೆಯ ಹಾಗೆ ಹೊಳೆಯುತ್ತದೆ, ಸ್ಪ್ರೇ ಹೊಡೆದ ತಲೆ ಮುಟ್ಟಿದರಷ್ಟೇ ಗೊತ್ತಾಗುತ್ತದೆ.

ಮೊದಮೊದಲ ಹೇರ್ ಸ್ಪ್ರೇಗಳಲ್ಲಿ ಇದ್ದ ಪಾಲಿಮರ್ ಯಾವುದು ಗೊತ್ತೆ? ಅರಗು. ಚನ್ನಪಟ್ಟಣದ ಗೊಂಬೆಗೆ ತಿರುಗಣೆಯ ಮೇಲೆ ಬಣ್ಣದ ಹೊಳಪು ಕೊಡುತ್ತಾರಲ್ಲ, ಅದೇ ಅರಗಿನ ಹುಳುವಿನ ಅಂಟು. ಅದನ್ನು ಶುದ್ಧಮಾಡಿ ಆಲ್ಕೋಹಾಲಿನಲ್ಲಿ ಕರಗಿಸಿ ಹೊಡೆಯುತ್ತಿದ್ದರು. ಹಿಡಿತ ಭರ್ಜರಿ, ತೊಳೆಯುವುದು ಮಾತ್ರ ಪಡಿಪಾಟಲು. 1950ರ ದಶಕದಲ್ಲಿ ಆ ಜಾಗಕ್ಕೆ ಪಿವಿಪಿ, ಅಂದರೆ ಪಾಲಿವಿನೈಲ್ ಪೈರೊಲಿಡೋನ್, ಬಂತು. ಜರ್ಮನಿಯ ರಸಾಯನ ವಿಜ್ಞಾನಿ ವಾಲ್ಟರ್ ರೆಪ್ಪೆ 1930ರ ದಶಕದ ಕೊನೆಯಲ್ಲಿ ರೂಪಿಸಿದ ಪಾಲಿಮರ್ ಇದು. ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ರಕ್ತದ ಪ್ಲಾಸ್ಮಾ ಬದಲಿಗೆ ಇದನ್ನೇ ಏರಿಸಿದ್ದುಂಟು. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಎಲ್ಲರ ಮನೆಯಲ್ಲೂ ಇರುತ್ತದೆ. ಆ ಪೊವಿಡೋನೇ ಈ ಪಿವಿಪಿ.

ಪಿವಿಪಿಗೆ ಒಂದು ಚಟ: ನೀರು. ಗಾಳಿ ಒಣಗಿದ್ದಾಗ ಅದರ ಪದರ ಗಾಜಿನ ಹಾಗೆ ಗಡುಸಾಗಿ, ಕೈಯಾಡಿಸಿದರೆ ಪುಡಿಯಾಗಿ ಉದುರುತ್ತದೆ. ತೇವವಿದ್ದರೆ ಹೀರಿಕೊಂಡು ಮೆತ್ತಗಾಗಿ ಅಂಟಂಟು. ಇದನ್ನು ಸರಿಪಡಿಸಲು ಪಿವಿಪಿಯ ಮೂಲವಸ್ತುವಿಗೆ (ವಿಪಿ) ವಿನೈಲ್ ಅಸಿಟೇಟ್ (ವಿಎ) ಬೆರೆಸಿ ಮಾಡಿದ ಜಂಟಿ ಪಾಲಿಮರ್ ವಿಪಿ/ವಿಎ ಕೋಪಾಲಿಮರ್. ಇದು ನೀರನ್ನು ಅಷ್ಟು ಹೀರುವುದಿಲ್ಲ. ಇನ್ನೂ ಮುಂದೆ ಹೋದರೆ ಅಕ್ರಿಲೇಟ್ ಜಾತಿಯವು. ಆಕ್ಟೈಲ್‌ಅಕ್ರಿಲಮೈಡ್ ಎಂದು ಶುರುವಾಗಿ ಗೂಡ್ಸ್ ರೈಲಿನಷ್ಟು ಉದ್ದ ಸಾಗುವ ಹೆಸರೊಂದು ಸ್ಪ್ರೇ ಡಬ್ಬಿಯ ಹಿಂದೆ ಕಂಡರೆ ಅದು ಈ ಜಾತಿ. ಕರಾವಳಿಯವರು, ಮಲೆನಾಡಿನವರು ಹುಡುಕಬೇಕಾದ್ದು ವಿಪಿ/ವಿಎ ಮತ್ತು ಅಕ್ರಿಲೇಟ್. ಬಯಲುಸೀಮೆಯವರಿಗೆ ಬರೀ ಪಿವಿಪಿಯ ಅಗ್ಗದ ಜೆಲ್ಲೂ ನಡೆಯುತ್ತದೆ, ಪ್ರಮಾಣ ಮಾತ್ರ ಕಮ್ಮಿ ಇರಲಿ.

ಡಬ್ಬಿಯ ಮುಂಭಾಗದ ‘ಹೋಲ್ಡ್ 5’, ‘ಅಲ್ಟ್ರಾ ಸ್ಟ್ರಾಂಗ್’ ಎಲ್ಲವನ್ನೂ ಮರೆತುಬಿಡಿ. ಆ ಅಂಕಿ ಆಯಾ ಕಂಪನಿಯವರು ತಮ್ಮ ಸಾಮಾನುಗಳ ನಡುವೆಯೇ ಹೋಲಿಸಿ ಕೊಟ್ಟುಕೊಂಡದ್ದು. ಒಬ್ಬರ 4 ಇನ್ನೊಬ್ಬರ 2ಕ್ಕೆ ಸಮ ಇರಬಹುದು. ಓದಬೇಕಾದ್ದು ಹಿಂಭಾಗ. ಅಲ್ಲಿ ಹೆಚ್ಚು ಇರುವ ವಸ್ತು ಮೊದಲು, ಕಮ್ಮಿ ಇರುವುದು ಆಮೇಲೆ ಬರುತ್ತದೆ; ಶೇ. 1ಕ್ಕಿಂತ ಕಮ್ಮಿ ಇರುವವಕ್ಕೆ ಮಾತ್ರ ಈ ಕ್ರಮವಿಲ್ಲ. ಗ್ಲಿಸರಿನ್ ಎರಡನೆಯದೋ ಮೂರನೆಯದೋ ಆಗಿದ್ದರೆ ಮಳೆಗಾಲದಲ್ಲಿ ಆ ಜೆಲ್ ಬೇಡ, ಅದು ಗಾಳಿಯಿಂದ ನೀರೆಳೆದು ತಲೆಯನ್ನು ಬೆಲ್ಲದ ಪಾಕ ಮಾಡುತ್ತದೆ. ಇನ್ನು ‘ಆಲ್ಕೋಹಾಲ್’ ಎಂದು ಕಂಡ ಕೂಡಲೇ ಹೆದರಬೇಕಾಗಿಲ್ಲ. ಸೀಟೈಲ್, ಸೀಟೇರಿಲ್ ಆಲ್ಕೋಹಾಲುಗಳು ಮೇಣದಂಥ ಮೃದು ವಸ್ತುಗಳು, ಕೂದಲು ಒಣಗಿಸುವುದಿಲ್ಲ. ‘ಆಲ್ಕೋಹಾಲ್ ಡೀನೇಚರ್ಡ್’ ಎಂದಿದ್ದರೆ ಅದು ಸ್ಪಿರಿಟ್ಟು.

ಜೆಲ್ ಬಗ್ಗೆ ಎಲ್ಲರೂ ಮೋಸ ಹೋಗುವ ಜಾಗ ಒಂದಿದೆ. ಡಬ್ಬಿಯಲ್ಲಿ ಗಟ್ಟಿ ಇದ್ದರೆ ತಲೆಯಲ್ಲೂ ಗಟ್ಟಿ ಹಿಡಿಯುತ್ತದೆ ಅಂದುಕೊಳ್ಳುತ್ತಾರೆ. ಗಟ್ಟಿತನ ಬರುವುದು ಸಾಮಾನ್ಯವಾಗಿ ಕಾರ್ಬೊಮರ್ ಎಂಬ ಬೇರೆಯೇ ವಸ್ತುವಿನಿಂದ. ಶೇ. 1ರ ಒಳಗೆ ಹಾಕಿದರೂ ನೀರನ್ನು ಲೋಳೆಯಾಗಿ ನಿಲ್ಲಿಸುತ್ತದೆ. ಹಿಡಿತ ಕೊಡುವ ಪಿವಿಪಿಗೂ ಈ ದಪ್ಪಕ್ಕೂ ಸಂಬಂಧವಿಲ್ಲ. ನೋಡಬೇಕೆಂದರೆ ಸ್ಟೀಲ್ ತಟ್ಟೆಯ ಮೇಲೆ ಒಂದು ಚಮಚ ಜೆಲ್ ಹಾಕಿ, ಎರಡು ಚಿಟಿಕೆ ಪುಡಿ ಉಪ್ಪು ಉದುರಿಸಿ ಬೆರಳಿಂದ ಕಲಸಿ. ಗುಡ್ಡೆಯಾಗಿ ನಿಂತಿದ್ದು ಕಣ್ಣೆದುರೇ ಕುಸಿದು ನೀರಾಗಿ ತಟ್ಟೆಯ ಅಂಚಿಗೆ ಹರಿಯುತ್ತದೆ. ಕಾರ್ಬೊಮರಿನ ಸರಪಳಿಗಳು ಒಂದನ್ನೊಂದು ದೂರ ತಳ್ಳುವ ವಿದ್ಯುದಂಶದಿಂದ ಉಬ್ಬಿ ನಿಂತಿರುತ್ತವೆ. ಉಪ್ಪು ಆ ತಳ್ಳಾಟವನ್ನು ಅಡಗಿಸುತ್ತದೆ. ಬೆವರಿನಲ್ಲೂ ಇರುವುದು ಉಪ್ಪೇ. ಹಣೆಯ ಅಂಚಿಗೆ ಹಚ್ಚಿದ ಜೆಲ್ ಒಣಗುವ ಮೊದಲೇ ಬೆವರಿದರೆ ಅದು ಕಣ್ಣಿಗಿಳಿಯುವುದು ಹೀಗೆ.

ಇನ್ನೊಂದು ಪರೀಕ್ಷೆ ಅಂಗೈಯಲ್ಲೇ ಆಗುತ್ತದೆ. ನೀವು ಬಳಸುವ ಕಂಡೀಷನರ್ ಒಂದು ಹನಿ, ಜೆಲ್ ಒಂದು ಹನಿ, ಬೆರಳಿಂದ ತಿಕ್ಕಿ. ನುಣ್ಣಗೆ ಬೆರೆತರೆ ಜೋಡಿ ಹೊಂದುತ್ತದೆ. ಒಡೆದ ಹಾಲಿನ ಹಾಗೆ ಬಿಳಿ ಕಣಗಳಾದರೆ ತಲೆಯ ಮೇಲೂ ಅದೇ ಆಗುತ್ತದೆ, ಅದನ್ನೇ ಜನ ಹೊಟ್ಟು ಎಂದು ತಿಳಿದು ಆ್ಯಂಟಿ ಡ್ಯಾಂಡ್ರಫ್ ಶಾಂಪೂ ತರುತ್ತಾರೆ. ಕಂಡೀಷನರಿನ ಅಂಶಗಳಿಗೆ ಧನ ವಿದ್ಯುದಂಶ, ಕಾರ್ಬೊಮರಿಗೆ ಋಣ. ಎರಡೂ ಕಚ್ಚಿಕೊಂಡು ಗಂಟಾಗುತ್ತವೆ. ಪರಿಹಾರ ಸುಲಭ: ಕಂಡೀಷನರನ್ನು ಪೂರ್ತಿ ತೊಳೆಯಿರಿ, ಇಲ್ಲವೇ ಜೋಡಿ ಬದಲಿಸಿ.

ಹಚ್ಚುವ ಕ್ರಮ ಹೀಗೆ. ಗಿಡ್ಡ ಕೂದಲಿಗೆ ಹಸಿ ಬಟಾಣಿಯಷ್ಟು, ಭುಜದವರೆಗಿನ ಕೂದಲಿಗೆ ಹತ್ತು ರೂಪಾಯಿ ನಾಣ್ಯದಗಲ. ಟವೆಲ್ಲಲ್ಲಿ ಒತ್ತಿ, ನೀರು ತೊಟ್ಟಿಕ್ಕದಷ್ಟು ಆರಿಸಿ. ಎರಡೂ ಅಂಗೈಗೆ ಸವರಿಕೊಂಡು ನೆತ್ತಿಯ ಹಿಂಭಾಗದಿಂದ ಶುರುಮಾಡಿ, ಮುಂದಿನ ಕೂದಲಿಗೆ ಕೈಯಲ್ಲಿ ಉಳಿದಷ್ಟೇ ಸಾಕು. ಎಲ್ಲರೂ ಮುಂದಿನಿಂದ ಹಚ್ಚುತ್ತಾರೆ. ಹಣೆಯ ಮೇಲಿನ ನಾಲ್ಕು ಕೂದಲಿಗೆ ಡಬ್ಬಿಯ ಅರ್ಧ ಹೋಗಿ, ಅಲ್ಲೇ ಚಕ್ಕೆ ಏಳುತ್ತದೆ. ಆಮೇಲಿನ ನಿಯಮ ಎಲ್ಲಕ್ಕಿಂತ ಮುಖ್ಯ: ಪೂರ್ತಿ ಒಣಗುವವರೆಗೆ ಮುಟ್ಟಬಾರದು. ಅರೆ ಒಣಗಿದ ಪದರ ಹರಿದರೆ ಮತ್ತೆ ಕೂಡುವುದಿಲ್ಲ, ಬಿಳಿ ಪುಡಿಯಾಗಿ ಭುಜಕ್ಕೆ ಬೀಳುತ್ತದೆ. ಎಣ್ಣೆ ಹಚ್ಚಿದ ತಲೆಗೆ ಜೆಲ್ ಹಿಡಿಯುವುದೂ ಇಲ್ಲ. ಪಾಲಿಮರ್ ಪದರ ಎಣ್ಣೆಯ ಮೇಲೆ ಜಾರುತ್ತದೆ, ಎಣ್ಣೆ ಕಾಗದದ ಮೇಲೆ ಗೋಂದು ಬಳಿದ ಹಾಗೆ.

ಗುಂಗುರು ಕೂದಲಿನವರಿಗೆ ಲೆಕ್ಕ ತಿರುವುಮುರುವು. ನೀರು ಸುರಿಯುತ್ತಿರುವಾಗಲೇ ಜೆಲ್ ಹಚ್ಚಬೇಕು, ಮುಷ್ಟಿಯಲ್ಲಿ ತುದಿಯಿಂದ ಬುಡಕ್ಕೆ ಹಿಸುಕಬೇಕು. ಒಣಗಿದ ಮೇಲೆ ಇಡೀ ತಲೆ ಹಪ್ಪಳದ ಹಾಗೆ ಗರಿಗರಿ ಆಗುತ್ತದೆ. ಗಾಬರಿ ಬೇಡ, ಅದು ಆಗಲೇಬೇಕು. ಆ ಚಿಪ್ಪಿನೊಳಗೆ ಸುರುಳಿ ಅಲ್ಲಾಡದೆ ಒಣಗಿರುತ್ತದೆ. ಬುಡವೂ ಒಣಗಿದೆ ಎಂದು ಖಾತ್ರಿಯಾದ ಮೇಲೆ ಎರಡು ಹನಿ ಎಣ್ಣೆ ಅಂಗೈಗೆ ಸವರಿ ಮತ್ತೆ ಹಿಸುಕಿದರೆ ಚಿಪ್ಪು ಮುರಿದು ಮೆತ್ತನೆಯ ಸುರುಳಿ ಉಳಿಯುತ್ತದೆ. ದಟ್ಟ ಕೂದಲು ಗಾಳಿಯಲ್ಲೇ ಒಣಗಲು ಮೂರು ನಾಲ್ಕು ಗಂಟೆ ಹಿಡಿಯಬಹುದು. ಅವಸರಪಟ್ಟು ಅರ್ಧಕ್ಕೇ ಹಿಸುಕಿದರೆ ಸಿಗುವುದು ಸುರುಳಿಯಲ್ಲ, ತೆಂಗಿನ ನಾರು.

ಅಂಗಡಿಯ ಜೆಲ್ ಬೇಡ ಎನ್ನುವವರಿಗೆ ಅಗಸೆ ಇದೆ. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆಂದು ಮನೆಮನೆಯಲ್ಲೂ ಇರುವ ಬೀಜ. 40 ಗ್ರಾಂ ಹುರಿಯದ ಇಡೀ ಬೀಜಕ್ಕೆ 500 ಮಿಲಿ ನೀರು. ನಡು ಉರಿಯಲ್ಲಿಟ್ಟು ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಏಳೆಂಟು ನಿಮಿಷಕ್ಕೆ ಬಿಳಿ ನೊರೆ ಬರುತ್ತದೆ. ಸೌಟು ಎತ್ತಿದರೆ ಒಂದೆಳೆ ಪಾಕದ ಹಾಗೆ ದಾರ ಇಳಿಯಬೇಕು, ಆ ಕ್ಷಣವೇ ಒಲೆ ಆರಿಸಿ. ಇನ್ನೆರಡು ನಿಮಿಷ ಬಿಟ್ಟರೆ ಸೋಸಲು ಯಾವ ಜರಡಿಗೂ ಆಗದು. ಬಿಸಿ ಇರುವಾಗಲೇ ನೈಲಾನ್ ಬಟ್ಟೆಯಲ್ಲಿ ಹಾಕಿ, ಇಕ್ಕಳದಲ್ಲಿ ಹಿಡಿದು ಹಿಂಡಿ, ತಣ್ಣಗಾದಷ್ಟೂ ಗಟ್ಟಿಯಾಗುತ್ತದೆ. ಮೊಟ್ಟೆಯ ಬಿಳಿಯಷ್ಟು ಹದ ಸರಿ. ಬೀಜದ ಸಿಪ್ಪೆಯಲ್ಲಿರುವ ಲೋಳೆ ಸಕ್ಕರೆ ಅಣುಗಳ ಉದ್ದ ಸರಪಳಿ, ಕೂದಲ ಮೇಲೆ ಅದೂ ಪದರವಾಗಿ ಒಣಗುತ್ತದೆ. ಮಲೆನಾಡಿನಲ್ಲಿ ತಲೆ ತೊಳೆಯಲು ಬಳಸುವ ದಾಸವಾಳದ ಗೊಂಪು, ಮತ್ತಿ ಗೊಂಪುಗಳದ್ದೂ ಇದೇ ಬಗೆಯ ಲೋಳೆ. ಅದನ್ನು ತೊಳೆದು ಬಿಡುತ್ತೇವೆ, ಇದನ್ನು ಉಳಿಸಿಕೊಳ್ಳುತ್ತೇವೆ.

ಅಗಸೆ ಜೆಲ್ಲಿನ ದೋಷಗಳನ್ನೂ ಹೇಳಬೇಕು. ತೇವದ ಗಾಳಿಗೆ ಅದು ಬೇಗ ಸೋಲುತ್ತದೆ. ಕಾರ್ಕಳದ ಮಳೆಗಾಲಕ್ಕೆ ಹೇಳಿದ್ದಲ್ಲ. ಫ್ರಿಜ್ಜಿನಲ್ಲಿ ಒಂದು ವಾರ, ಅದರಾಚೆ ಹುಳಿ ವಾಸನೆ ಬಂದರೆ ಚೆಲ್ಲಿ. ನಿಂಬೆರಸ ಹಿಂಡಿದರೆ ಕೆಡುವುದಿಲ್ಲ ಎನ್ನುವುದು ಬರೀ ನಂಬಿಕೆ. ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಒಂದೊಂದೇ ಕ್ಯೂಬ್ ತೆಗೆದು ಬಳಸುವುದು ವಾಸಿ.

ಸ್ಪ್ರೇಗೆ ದೂರವೇ ಎಲ್ಲ. 25ರಿಂದ 30 ಸೆಂಟಿಮೀಟರ್, ಅಂದರೆ ಶಾಲೆಯ ಸ್ಕೇಲಿನಷ್ಟು. ತೀರಾ ಹತ್ತಿರ ಹಿಡಿದರೆ ಸ್ಪಿರಿಟ್ ಆರುವ ಮೊದಲೇ ಹನಿಗಳು ಬಿದ್ದು ಕೂದಲು ಒದ್ದೆಯಾಗಿ ಜೊಂಪೆ ಕಟ್ಟುತ್ತದೆ. ತೀರಾ ದೂರವಾದರೆ ಹನಿ ಗಾಳಿಯಲ್ಲೇ ಒಣಗಿ, ಪುಡಿಯಾಗಿ ತಲೆಯ ಮೇಲೆ ಕೂರುತ್ತದೆ, ಅಂಟುವುದಿಲ್ಲ. ಒಂದೇ ಜಾಗಕ್ಕೆ ಐದು ಸೆಕೆಂಡ್ ಹೊಡೆಯುವುದಕ್ಕಿಂತ ಕೈ ಆಡಿಸುತ್ತ ಎರಡೆರಡು ಸೆಕೆಂಡಿನ ಮೂರು ಪದರ, ನಡುವೆ ಅರ್ಧ ನಿಮಿಷ ಬಿಡುವು. ಡಬ್ಬಿಯಿಂದ ದ್ರವವನ್ನು ಹೊರತಳ್ಳುವ ಅನಿಲ ಒಂದು ಕಾಲದಲ್ಲಿ ಓಝೋನ್ ಪದರ ಹಾಳುಮಾಡುವ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್). 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಹಂತಹಂತವಾಗಿ ಮರೆಯಾಯಿತು. ಈಗ ಹೆಚ್ಚಾಗಿ ಇರುವುದು ಬ್ಯೂಟೇನ್, ಪ್ರೊಪೇನ್. ಅಡುಗೆ ಸಿಲಿಂಡರಿನಲ್ಲಿರುವುದೂ ಇವೇ. ಮದುವೆ ಮನೆಯ ಡ್ರೆಸ್ಸಿಂಗ್ ರೂಮಿನಲ್ಲಿ ಪಕ್ಕದಲ್ಲೇ ದೀಪ ಉರಿಯುತ್ತಿದ್ದರೆ ಮೊದಲು ಅದನ್ನು ಆಚೆ ಇಡಿಸಿ. ಬಿಸಿಲಲ್ಲಿ ನಿಂತ ಕಾರಿನಲ್ಲೂ ಡಬ್ಬಿ ಬಿಡಬಾರದು. 50 ಡಿಗ್ರಿ ದಾಟಬಾರದೆಂದು ಅದರ ಮೇಲೇ ಬರೆದಿರುತ್ತದೆ.

ಮದುಮಗಳ ತುರುಬಿಗೆ ಬ್ಯಾಕ್‌ಕೋಂಬಿಂಗ್ ಮಾಡುವಾಗ ನಡೆಯುವುದು ಹೆಂಚುಗಳನ್ನು ಹಿಂದಕ್ಕೆ ಎಬ್ಬಿಸುವ ಕೆಲಸ. ತುದಿಯಿಂದ ಬುಡಕ್ಕೆ ಬಾಚಿದಾಗ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮೆತ್ತೆಯಾಗುತ್ತದೆ. ಎರಡು ಬೆರಳಗಲದ ಪದರ ತಗೊಂಡು, ಬುಡದ ಮೂರು ನಾಲ್ಕು ಇಂಚಿಗಷ್ಟೇ ಮಾಡಿ, ಪದರ ಪದರಕ್ಕೂ ಸ್ಪ್ರೇ ಹೊಡೆದು ಆರಿದ ಮೇಲೆ ಮುಂದಿನದು. ಹೂವು ಕೊನೆಗೆ. ಮುಡಿದಾದ ಮೇಲೆ ಸ್ಪ್ರೇ ಹೊಡೆದರೆ ಸ್ಪಿರಿಟ್ ತಾಗಿದ ಎಸಳು ಕಂದುತ್ತದೆ, ಮೈಸೂರು ಮಲ್ಲಿಗೆಯಾದರೂ ಶಂಕರಪುರ ಮಲ್ಲಿಗೆಯಾದರೂ. ಮರುದಿನ ಬಿಡಿಸುವಾಗ ಬುಡದಿಂದ ಬಾಚಣಿಗೆ ಎಳೆದರೆ ಹಿಡಿ ಕೂದಲು ಕೈಗೆ ಬರುತ್ತದೆ. ಕಂಡೀಷನರ್ ಧಾರಾಳ ಹಚ್ಚಿ, ತುದಿಯಿಂದ ಇಂಚಿಂಚಾಗಿ ಮೇಲಕ್ಕೆ ಬನ್ನಿ.

ಮೂಸ್ ಬಗ್ಗೆ ಹೆಚ್ಚೇನಿಲ್ಲ. ತೆಳು ಕೂದಲಿಗೆ ಅದೇ ಸರಿ. ನೊರೆಯಾದ್ದರಿಂದ ಕಮ್ಮಿ ಸಾಮಾನು ಹೆಚ್ಚು ಜಾಗಕ್ಕೆ ಹರಡುತ್ತದೆ. ಪಾಲಿಕ್ವಾಟರ್ನಿಯಂ ಎಂಬ ಧನ ವಿದ್ಯುದಂಶದ ಪಾಲಿಮರ್ ಇದ್ದರೆ ಅದು ಕೂದಲನ್ನು ತಾನಾಗೇ ಕಚ್ಚಿಕೊಳ್ಳುತ್ತದೆ. ನಿಂಬೆಹಣ್ಣಿನಷ್ಟು ನೊರೆ, ಒದ್ದೆ ಕೂದಲ ಬುಡಕ್ಕೆ, ತಲೆ ಕೆಳಗೆ ಮಾಡಿ ಡ್ರೈಯರ್. ಐರನ್ ಅಥವಾ ಟಾಂಗ್ (ಕೂದಲು ಸುತ್ತಿ ಸುರುಳಿ ಮಾಡುವ ಬಿಸಿ ಕೋಲು) ಬಳಸುವವರು ಕೂದಲು ನೂರಕ್ಕೆ ನೂರು ಒಣಗಿದ ಮೇಲೇ ಮುಟ್ಟಿಸಿ. ಒಳಗೆ ತೇವ ಉಳಿದಿದ್ದರೆ ಅದು ಕೂದಲಿನೊಳಗೇ ಆವಿಯಾಗಿ ಗುಳ್ಳೆ ಏಳುತ್ತದೆ, ಅಲ್ಲಿಂದಲೇ ತುಂಡಾಗುತ್ತದೆ. ಸುತ್ತಿದ ಸುರುಳಿಯನ್ನು ಬಿಸಿ ಇರುವಾಗಲೇ ಬಾಚಿದರೆ ಪಟ್ಟ ಶ್ರಮವೆಲ್ಲ ದಂಡ. ಬಿಸಿಗೆ ಸಡಿಲಾದ ಹೈಡ್ರೋಜನ್ ಕಟ್ಟುಗಳು ಗಟ್ಟಿಯಾಗುವುದು ತಣ್ಣಗಾದ ಮೇಲೆ.

ಮೇಣದ ವ್ಯಾಕ್ಸ್, ಜಿಡ್ಡು ಮುಲಾಮಿನಂಥ ಪೊಮೇಡ್, ಜೇಡಿ ಬೆರೆಸಿದ ಕ್ಲೇ, ಇವುಗಳ ಕುಲವೇ ಬೇರೆ. ಇವು ಒಣಗುವುದಿಲ್ಲ, ಜಿಗುಟಿನಿಂದ ಹಿಡಿದಿಟ್ಟುಕೊಳ್ಳುತ್ತವೆ. ಅದಕ್ಕೇ ದಿನವಿಡೀ ಬೆರಳಾಡಿಸಿ ಮತ್ತೆ ತಿದ್ದಬಹುದು. 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾದ ಬ್ರಿಲ್‌ಕ್ರೀಮ್ ನಮ್ಮಲ್ಲೂ ಅಜ್ಜಂದಿರ ಕಾಲದ ಕನ್ನಡಿ ಮುಂದೆ ಇರುತ್ತಿತ್ತಲ್ಲ, ಅದು ಖನಿಜ ಎಣ್ಣೆ ಮತ್ತು ನೀರನ್ನು ಜೇನುಮೇಣದಿಂದ ಕೂಡಿಸಿದ ಕ್ರೀಮು. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿಗೆ, ಪೆಟ್ರೋಲಿಯಂ ಜೆಲ್ಲಿ 40 ದಾಟುತ್ತಿದ್ದಂತೆ ಮೆತ್ತಗಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಪೆಟ್ರೋಲಿಯಂ ಜೆಲ್ಲಿಯೇ ಮುಖ್ಯವಾದ ಪೊಮೇಡ್ ಹಣೆಗಿಳಿದರೆ ಆಶ್ಚರ್ಯವೇನು? ಅಲ್ಲಿಗೆ ಬೆಂಟೊನೈಟ್ ಅಥವಾ ಕೇಯೋಲಿನ್ ಜೇಡಿಯ ಕ್ಲೇ ಒಳ್ಳೆಯದು. ಉಗುರಿನಿಂದ ಕಡಲೆಕಾಳಿನಷ್ಟು ತೋಡಿ, ಅಂಗೈಯಲ್ಲಿ ಗಂಟು ಕಾಣದಷ್ಟು ತಿಕ್ಕಿ, ಪೂರ್ತಿ ಒಣ ಕೂದಲಿಗೆ ಹಚ್ಚಬೇಕು. ಒದ್ದೆ ಕೂದಲಿಗೆ ಮೇಣ ಹಿಡಿಯುವುದಿಲ್ಲ. ಹಣೆಯಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಮೊದಲ ಅನುಮಾನ ಪೊಮೇಡ್ ಮೇಲಿರಲಿ.

ಬೆಂಗಳೂರಿನ ಬೈಕ್ ಸವಾರರ ದೂರು ಒಂದೇ: ಹೆಲ್ಮೆಟ್ ತೆಗೆದರೆ ಎಲ್ಲ ಚಪ್ಪಟೆ. ಆಗುವುದು ದಿಂಬಿನ ಕತೆಯೇ. ಬೆವರಿನ ತೇವ ಕಟ್ಟು ಬಿಚ್ಚುತ್ತದೆ, ಹೆಲ್ಮೆಟ್ ಒತ್ತುತ್ತದೆ, ಅದೇ ಭಂಗಿಯಲ್ಲಿ ಆರುತ್ತದೆ. ಮನೆಯಿಂದ ಜೆಲ್ ಹಚ್ಚಿ ಹೊರಟರೆ ಆ ಚಪ್ಪಟೆಯನ್ನೇ ಅಂಟಿಸಿಕೊಂಡ ಹಾಗೆ. ಒಣ ಕೂದಲಲ್ಲಿ, ಒಳಗೆ ತೆಳು ಹತ್ತಿ ಟೋಪಿ ಹಾಕಿ ಹೊರಡಿ. ಆಫೀಸಿಗೆ ಬಂದ ಮೇಲೆ ಬೆರಳ ತುದಿ ಒದ್ದೆ ಮಾಡಿ ಬುಡಕ್ಕಷ್ಟೇ ತಾಗಿಸಿ, ಎತ್ತಿ ಹಿಡಿದು ಹ್ಯಾಂಡ್ ಡ್ರೈಯರಿನ ಗಾಳಿಗೆ ಒಡ್ಡಿ, ಆಮೇಲೆ ಕ್ಲೇ. ಕೂದಲಿಗೆಂದೇ ಸಿಗುವ ಸಿಲಿಕಾ ಪುಡಿಯ ಸಣ್ಣ ಡಬ್ಬಿ ಬ್ಯಾಗಿನಲ್ಲಿದ್ದರೆ ಇನ್ನೂ ಸುಲಭ. ಎರಡು ಸಲ ಉದುರಿಸಿ ತಿಕ್ಕಿದರೆ ಕೂದಲ ನಡುವೆ ಘರ್ಷಣೆ ಹೆಚ್ಚಿ ಎದ್ದು ನಿಲ್ಲುತ್ತದೆ. ಹೆಚ್ಚಾದರೆ ಬೆರಳೂ ಆಡುವುದಿಲ್ಲ.

ಕೊನೆಗೆ ತೊಳೆಯುವುದು. ಪಿವಿಪಿ ಜೆಲ್ ಬರೀ ನೀರಿಗೇ ಕರಗುತ್ತದೆ. ಅಕ್ರಿಲೇಟ್ ಸ್ಪ್ರೇಗೆ ಶಾಂಪೂ ಬೇಕು. ಒಣಗಿದ ಜೆಲ್ ಇರುವಾಗಲೇ ಬಾಚಿದರೆ ಕೂದಲು ತುಂಡಾಗುತ್ತದೆ. ‘ಜೆಲ್ ಹಚ್ಚಿದರೆ ಕೂದಲು ಉದುರುತ್ತದೆ’ ಎಂಬ ಮಾತು ಬಹುಮಟ್ಟಿಗೆ ಇಲ್ಲಿಂದ ಹುಟ್ಟಿದ್ದು. ಮೇಣದ ವ್ಯಾಕ್ಸಿಗೆ ನೇರ ಶಾಂಪೂ ಹಾಕಿದರೆ ನೊರೆಯೇ ಬರುವುದಿಲ್ಲ. ನೀರು ಸೋಕಿಸುವ ಮೊದಲು ಒಂದು ಚಮಚ ಕೊಬ್ಬರಿ ಎಣ್ಣೆ ತಿಕ್ಕಿ ಹತ್ತು ನಿಮಿಷ ಬಿಡಿ, ಮೇಣ ಎಣ್ಣೆಯಲ್ಲಿ ಸಡಿಲವಾಗುತ್ತದೆ. ಆಮೇಲೆ ನೀರು ಸೇರಿಸದೆ ಶಾಂಪೂ ಹಚ್ಚಿ ಉಜ್ಜಿ, ಬಳಿಕ ಉಗುರು ಬೆಚ್ಚಗಿನ ನೀರು ಹಾಕಿ. ಸೀಗೆಪುಡಿಯಿದ್ದರೂ ಆಗುತ್ತದೆ, ಎರಡು ಸಲ ಹಾಕಬೇಕಾಗುತ್ತದೆ.